ಹೋರಿ ಹೆಸರಿನ ಬಾಲ

27 ಅಕ್ಟೋಬರ್ 2025, ಸೋಮವಾರ

ಇಪ್ಪತ್ತಾರು ವರ್ಷ ಮೈಕು ಹಿಡಿದವನಿಗೆ ಇವತ್ತು ಹಾನಗಲ್ಲಿನಲ್ಲಿ ಎರಡು ನಿಮಿಷ ಬಾಯಿ ತೆರೆಯಲು ಕೊಡಲಿಲ್ಲ. ಅಲ್ಲಿ ಹೇಳಲಾಗದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ಈ ವಹಿಯಾದರೂ “ಸಾಕು, ಕೂಡ್ರಿ” ಎನ್ನುವುದಿಲ್ಲ.

ಹೋರಿ ಸಮಿತಿಯ ಸಭೆ ಇತ್ತು. ದೀಪಾವಳಿ ದಾಟಿತೆಂದರೆ ನಮ್ಮ ಕಡೆ ಕೊಬ್ಬರಿ ಹೋರಿಗಳ ಕಾಲ. ಕೊರಳ ತುಂಬ ಒಣಕೊಬ್ಬರಿಯ ಹಾರ ಕಟ್ಟಿದ ಹೋರಿ ಜನದ ನಡುವೆ ನುಗ್ಗಬೇಕು, ಪಡ್ಡೆಗಳು ಹಾರಕ್ಕೆ ಕೈ ಹಾಕಬೇಕು, ಹಾರ ಉಳಿಸಿಕೊಂಡು ಆಚೆ ದಾಟಿದ ಹೋರಿ ಗೆದ್ದಂತೆ. ಹೋರಿ ಬಿಡುವ ಮುಂಚೆ ಅದರ ಹೆಸರು ಕೂಗಿ ನಾಲ್ಕು ಮಾತು ಹೊಗಳುವ ಕೆಲಸ ನನ್ನದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕಿನ ಹೋರಿಗಳಿಗೆ ನನ್ನ ದನಿ ಗೊತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಟೆಂಪೋಗಳಿಗೆ ಗಿರಾಕಿ ಕೂಗಿ ಕೂಗಿ ಬೆಳೆಸಿದ ದನಿ ಅದು.

ಅಧ್ಯಕ್ಷ ಶಂಭುಲಿಂಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನು ಕನ್ನಡಕ ತೆಗೆದನೆಂದರೆ ಒಳ್ಳೆಯ ಮಾತಲ್ಲ.

“ಹುಲಗೇಶ, ಹ್ವಾದ ವರ್ಷ ಹಾನಗಲ್ಲಾಗ ಮೂವತ್ತೊಂದು ಹೋರಿ ಓಡಲಾರದ ಮನಿಗೆ ಹ್ವಾದ್ವು. ಐದಕ್ಕ ಪೊಲೀಸರು ಬಂದ್ ಮಾಡ್ಸಿದ್ರು. ಹೋರಿ ಕಟ್ಟಿದ ಮಂದಿ ಮರುದಿನ ನನ್ನ ಮನಿ ಮುಂದ ನಿಂತಿದ್ರು. ಹೋರಿನೂ ಸಂಗಾಟ ಹೊಡಕೊಂಡು ಬಂದಿದ್ರು.”

“ಅದು ಯಾದಿ ಗದ್ದಲರೀ ಅಧ್ಯಕ್ಷರ,” ಎಂದೆ. ಸುಳ್ಳಲ್ಲ. ಹೋರಿಗಳ ಪಟ್ಟಿಗೆ ಹೆಸರುಗಳು ಈಗ ಮೊಬೈಲಿಗೆ ಬರುತ್ತವೆ. ಒಂದೇ ಹೋರಿಯ ಹೆಸರನ್ನು ಅದರ ಮಾಲೀಕ ಒಮ್ಮೆ, ಅಳಿಯ ಒಮ್ಮೆ, ಅಭಿಮಾನಿ ಬಳಗ ನಾಲ್ಕು ಸಲ ಕಳಿಸುತ್ತಾರೆ. ಒಬ್ಬ ಹೆಸರಿನ ಕೊನೆಗೆ ಐದು ಬೆಂಕಿ ಚಿತ್ರ ಹಾಕುತ್ತಾನೆ, ಇನ್ನೊಬ್ಬ ಹತ್ತು ಚುಕ್ಕೆ. ಕಳೆದ ವರ್ಷ ನೂರಾ ಎಂಬತ್ತು ಹೋರಿಗೆ ನಾನೂರಾ ಹನ್ನೆರಡು ಸಾಲಿನ ಯಾದಿ ಆಗಿತ್ತು.

“ಯಾದಿ ಅರ್ಧಾ, ನಿನ್ನ ಬಾಯಿ ಅರ್ಧಾ,” ಎಂದ ಶಂಭುಲಿಂಗ. ಸಮಿತಿ ನಕ್ಕಿತು. ಹನ್ನೊಂದು ಜನರಲ್ಲಿ ಒಂಬತ್ತು ಜನ ನಕ್ಕರು. ಒಬ್ಬ ಫೋನಿನಲ್ಲಿದ್ದ, ಇನ್ನೊಬ್ಬನಿಗೆ ಕಿವಿ ಮಂದ.

ಶಿಗ್ಗಾವಿಯಲ್ಲಿ ಹೊಸ ಅನೌನ್ಸರ್ ಒಬ್ಬ ಎದ್ದಿದ್ದಾನಂತೆ. ಯಾದಿ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡು ಬರುತ್ತಾನಂತೆ. ತೀರ್ಮಾನ ಇದು: ನವೆಂಬರ್ ಹದಿನಾರಕ್ಕೆ ತಡಸದ ಸಣ್ಣ ಹೋರಿ ಹಬ್ಬ ನನಗೆ. ಅಲ್ಲಿ ಯಾದಿ ಸರಿಯಾಗಿ ನಡೆಸಿ ತೋರಿಸಿದರೆ ಡಿಸೆಂಬರ್ ಹದಿನಾಲ್ಕರ ಹಾನಗಲ್ ಮೈಕು ನನ್ನದು. ಇಲ್ಲದಿದ್ದರೆ ಶಿಗ್ಗಾವಿಯವನದು, ಕಾಯಂ.

ಮನೆಗೆ ಬಂದು ಸುಧಾರಾಣಿಗೆ ಎಲ್ಲವನ್ನೂ ಹೇಳಿದೆ. ಮದುವೆಯಾದಾಗಿನಿಂದ ನನ್ನ ಹೆಂಡತಿ ನನ್ನ ಯಾವ ಕಥೆಯನ್ನೂ ಕೊನೆತನಕ ಕೇಳಿದವಳಲ್ಲ. ಇವತ್ತೂ ಅರ್ಧಕ್ಕೇ “ಸಾಕು, ಕೈ ತೊಳಕೋರಿ” ಎಂದಳು.

ಇಂತಿ, ಮೈಕ್ ಸಾಮ್ರಾಟ, ಕಂಚಿನ ಕಂಠ, ನಾಲ್ಕು ತಾಲೂಕಿನ ನಿರೂಪಣಾ ರತ್ನ, ಹೋರಿ ಅಭಿಮಾನಿಗಳ ಆಶಾಕಿರಣ ಹುಲಗೇಶ, ಅಕ್ಕಿಆಲೂರು


30 ಅಕ್ಟೋಬರ್, ಗುರುವಾರ

ಬೆಳಗಿನ ಬಸ್ಸಿಗೆ ಸವಣೂರಿಗೆ ಹೋದೆ. ಬಂದೇಸಾಬನ ಮನೆ. ಇಪ್ಪತ್ತಾರು ವರ್ಷದಿಂದ ನನ್ನ ಬಾಯಿ, ಅವನ ಸ್ಪೀಕರ್ ಸೆಟ್; ಹೆಸರು ಮಾತ್ರ ನನಗೆ ಬಂದಿದೆ, ವೈರು ಸುತ್ತುವುದು ಅವನಿಗೆ. ಅವನ ಮಗಳು ಮದಿಹಾ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ.

ಕಳೆದ ವರ್ಷದ ಯಾದಿ ತೋರಿಸಿದೆ. ನೋಡಿ ನೋಡಿ ನಕ್ಕಳು. “ಕಾಕಾ, ಇದು ಯಾದಿ ಅಲ್ರೀ, ಬಾಲಗಳ ಸಂತಿ!”

ಸತ್ಯವೇ. “ತೂಫಾನ್ 555!!!!!!” ಒಂದು ಸಾಲು. “ತೂಫಾನ್ 555........” ಇನ್ನೊಂದು. ಮೂರನೆಯದಕ್ಕೆ ಬಾಲವೇ ಇರಲಿಲ್ಲ, ಆದರೂ ಯಂತ್ರ ಅದನ್ನು ಬೇರೆ ಹೋರಿ ಎಂದು ಹಿಡಿದಿತ್ತು.

“ಇದಕ್ಕೇನ ಆಗೇತಿ?” ಎಂದೆ.

“ಹಿಂದ ಒಂದು ಖಾಲಿ ಜಾಗಾ ಬಿಟ್ಟಾರ್ರಿ. ನಮ್ಮ ಕಣ್ಣಿಗೆ ಕಾಣಂಗಿಲ್ಲ. ಯಂತ್ರಕ್ಕ ಖಾಲಿನೂ ಒಂದು ಅಕ್ಷರಾನ.”

ಖಾಲಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ! ಆ ಕ್ಷಣಕ್ಕೇ ಯಂತ್ರದ ಮೇಲೆ ನನಗೆ ಗೌರವ ಬಂತು.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆರ್‌ಸ್ಟ್ರಿಪ್ ಎಂದು ಒಂದು ಆಜ್ಞೆ ಇದೆ. ಹೆಸರಿನ ಕೊನೆಗೆ ಹೋಗಿ ನಿಂತು ಹಿಂದಿನಿಂದ ಕತ್ತರಿಸಿಕೊಂಡು ಬರುತ್ತದೆ. ಏನನ್ನು ಕತ್ತರಿಸಬೇಕೋ ಅದನ್ನು ಆವರಣದೊಳಗೆ ಬರೆದು ಕೊಡಬೇಕು. ಮದಿಹಾ ಖಾಲಿ ಜಾಗ, ಚುಕ್ಕೆ, ಬೆಂಕಿ ಚಿತ್ರ, ಉದ್ಗಾರದ ಗೆರೆ ಇಷ್ಟನ್ನೂ ಬರೆದು ಒಂದು ಗುಂಡಿ ಒತ್ತಿದಳು. ಬಾಲ ಹೋಗಿ ಒಂದೇ ಆದ ಹೆಸರುಗಳು ಕೂಡಿಕೊಂಡು, ನಾನೂರಾ ಹನ್ನೆರಡು ಸಾಲು ಕಣ್ಣು ಮಿಟುಕಿಸುವುದರೊಳಗೆ ನೂರಾ ಎಂಬತ್ತಕ್ಕೆ ಇಳಿಯಿತು.

“ಲೇ ಹುಲಗ್ಯಾ,” ಎಂದ ಬಂದೇಸಾಬ, ಚಹಾ ಬಸಿಯಿಂದ ಬಾಯಿ ತೆಗೆಯದೆ. “ಇದು ನಿನ್ನ ಕಿಂತ ಶಾಣ್ಯಾ ಐತಿ. ಕೆಲಸಾ ಮಾಡಿ ಸುಮ್ಮನಾತು.”

ಹಳೆಯ ಲ್ಯಾಪ್‌ಟಾಪ್ ಒಂದನ್ನು ಮದಿಹಾ ನನ್ನ ಚೀಲಕ್ಕೆ ಹಾಕಿ ಕಳಿಸಿದಳು.

ಇಂತಿ, ಮೈಕ್ ಸಾಮ್ರಾಟ, ಕಂಚಿನ ಕಂಠ, ನಿರೂಪಣಾ ರತ್ನ ಹುಲಗೇಶ, ಅಕ್ಕಿಆಲೂರು


3 ನವೆಂಬರ್, ಸೋಮವಾರ

ಒಂದೇ ಬೆರಳಿನಿಂದ ಬರೆಯುತ್ತೇನೆ, ಆದರೆ ಬೆರಳು ಗಟ್ಟಿ ಇದೆ. ಮೂರು ದಿನದಿಂದ ಸಿಕ್ಕದ್ದಕ್ಕೆಲ್ಲ ಬಾಲ ಕತ್ತರಿಸುತ್ತಿದ್ದೇನೆ. ಸುಧಾರಾಣಿಯ ಕಿರಾಣಿ ಯಾದಿ ಬರೆದುಕೊಂಡು ಹಿಂದೆ ಹತ್ತು ಚುಕ್ಕೆ ಹಚ್ಚಿ, ಕತ್ತರಿಸಿ, ಅವಳಿಗೆ ತೋರಿಸಿದೆ.

“ಚುಕ್ಕಿ ಹಚ್ಚಿದವರೂ ನೀವ, ತಗದವರೂ ನೀವ. ಇದರಾಗ ಬೆಲ್ಲಾ ಎಲ್ಲಿ ಬಂತ್ರೀ?” ಎಂದಳು. ಸ್ವಲ್ಪ ಹೊತ್ತು ಬಿಟ್ಟು ಅಡುಗೆಮನೆಯಿಂದಲೇ, “ಅಲ್ರೀ, ಮನಷ್ಯಾರಿಗೆ ಹಾಕೂದು ಇಂಥಾದ್ದು ಬಂದಿಲ್ಲೇನು?” ಎಂದಳು.

ಯಾರ ಬಗ್ಗೆ ಹೇಳಿದಳೋ ತಿಳಿಯಲಿಲ್ಲ. ಅವಳ ತಮ್ಮನ ಬಗ್ಗೆ ಇರಬೇಕು. ಅವನು ಭಾಳ ಮಾತಾಡುತ್ತಾನೆ.

ಇಂತಿ, ಮೈಕ್ ಸಾಮ್ರಾಟ, ಕಂಚಿನ ಕಂಠ ಹುಲಗೇಶ


12 ನವೆಂಬರ್, ಬುಧವಾರ

ತಡಸದ ಹೆಸರುಗಳು ಬಂದವು. ಇನ್ನೂರಾ ಮೂವತ್ಮೂರು ಸಾಲು. ಈ ವರ್ಷ ಹೊಸ ಬಾಲವೊಂದು ಬೆಳೆದಿದೆ: “100%”. ಗೆಲ್ಲುವುದು ಖಾತ್ರಿ ಎಂದು ಅರ್ಥ. “ತೂಫಾನ್ 555 100%”, “ಸರದಾರ 110 100%”. ತಮ್ಮ ಹೋರಿ ಶೇಕಡಾ ಎಂಬತ್ತು ಗೆಲ್ಲುತ್ತದೆ ಎಂದು ಬರೆಯುವ ಪ್ರಾಮಾಣಿಕ ಮನುಷ್ಯ ಈ ನಾಲ್ಕು ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಇಷ್ಟಕ್ಕೆ ಮದಿಹಾಳನ್ನು ಯಾಕೆ ಕೇಳಲಿ ಎಂದು ಆವರಣದೊಳಗೆ ನಾನೇ “100%” ಎಂದು ಸೇರಿಸಿದೆ. ಗುಂಡಿ ಒತ್ತಿದೆ. ಬಾಲಗಳೆಲ್ಲ ಮಾಯ. ಎಂಬತ್ತೆಂಟು ಹೋರಿ.

ನನ್ನ ಪುಸ್ತಕದಲ್ಲಿ, ಮಾಲೀಕರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಬರೆದದ್ದು, ತೊಂಬತ್ತೊಂದು ಇದೆ. ಮೂರು ಹೆಚ್ಚು. ಇಪ್ಪತ್ತಾರು ವರ್ಷದಲ್ಲಿ ನನ್ನ ಎಣಿಕೆ ತಪ್ಪಿದ್ದಿಲ್ಲ, ಆದರೆ ಖಾಲಿಯನ್ನೂ ಎಣಿಸುವ ಯಂತ್ರದ ಎದುರು ನಾನೆಷ್ಟರವನು? ನನ್ನದೇ ತಪ್ಪಿರಬೇಕು. ಕೆಲವು ಹೆಸರುಗಳ ಕೊನೆಯ ನಂಬರೂ ಹೋಗಿದೆ. ಹೋದರೆ ಹೋಗಲಿ, ನಂಬರು ಶೋಕಿಗೆ ಹಚ್ಚುವುದು, ಹೊಗಳುವುದಕ್ಕೆ ನಾನಿದ್ದೇನಲ್ಲ.

ಇಂತಿ, ಮೈಕ್ ಸಾಮ್ರಾಟ ಹಾಗೂ ಪೈಥಾನ್ ಪಂಡಿತ ಹುಲಗೇಶ


16 ನವೆಂಬರ್, ರವಿವಾರ

ತಡಸ ಮುಗಿಯಿತು. ಹನ್ನೊಂದಕ್ಕೆ ಶುರು, ಮೂರೂವರೆಗೆ ಕೊನೆಯ ಹೋರಿ. ಒಂದು ಹೆಸರೂ ಎರಡು ಸಲ ಬರಲಿಲ್ಲ. ಎಲ್ಲ ಹೋರಿಗಳನ್ನೂ ಮನಸಾರೆ ಹೊಗಳಿದೆ. ತಡಸದ ಮೈಲಾರಪ್ಪನ ಹೋರಿ “ಸರದಾರ” ಬಂದಾಗ, ಗಾಳಿಗೆ ಗೆಜ್ಜೆ ಕಟ್ಟಿದವನೇ, ಗುಡುಗಿಗೆ ಗುಮ್ಮಿದವನೇ ಎಂದೆಲ್ಲ ಹೊಸದು ಕಟ್ಟಿದೆ. ಚಪ್ಪಾಳೆ ಬಿತ್ತು. ಶಂಭುಲಿಂಗ ಕನ್ನಡಕ ತೆಗೆಯಲಿಲ್ಲ.

ಮೈಕಿಗೆ ಕಟ್ಟಿದ ಅಟ್ಟದಿಂದ ಇಳಿಯುವಾಗ ಮೂವರು ನಿಂತಿದ್ದರು. ಇಬ್ಬರು ಬೈದರು. ಅವರ ಹೋರಿಗಳ ಹೆಸರು ಕೂಗಲೇ ಇಲ್ಲವಂತೆ. ಬೈಗುಳ ನನಗೆ ಹೊಸದಲ್ಲ.

ಮೂರನೆಯವಳು ರಟ್ಟೀಹಳ್ಳಿ ಕಡೆಯ ಹೊನ್ನವ್ವ. ಅರವತ್ತರ ಆಸುಪಾಸು. ತಲೆಯ ಮೇಲೆ ಸೆರಗು, ಕೈಯಲ್ಲಿ ಹೋರಿಯ ಹಗ್ಗ. ಹೋರಿಯ ಕೊರಳಿನ ಹಾರ ಬೆಳಗ್ಗೆ ಕಟ್ಟಿದ ಹಾಗೆಯೇ ಇತ್ತು. ಅದರ ಹೆಸರು ಸರದಾರ 101. ಕಳೆದ ವರ್ಷ ಹಾನಗಲ್ಲಿನಲ್ಲಿ ಓಡದೆ ಹೋದ ಮೂವತ್ತೊಂದರಲ್ಲಿ ಅದೂ ಒಂದು.

ನಾನು “ಸರದಾರ” ಎಂದಾಗ ಅವಳ ತಮ್ಮ ಫಕ್ಕೀರಪ್ಪ ಹಗ್ಗ ಬಿಚ್ಚಲು ಹೋಗಿದ್ದನಂತೆ. ಅಷ್ಟರಲ್ಲಿ ಮೈಲಾರಪ್ಪನ ಸರದಾರ ನುಗ್ಗಿಬಿಟ್ಟಿತಂತೆ. ತಮ್ಮದು ಮುಂದೆ ಬರಬಹುದು ಎಂದು ಕಾದರಂತೆ.

ಅವಳು ಬೈಯಲಿಲ್ಲ. “ಅಣ್ಣಾರ, ಹ್ವಾದ ವರ್ಷ ಹೊತ್ತು ಮುಳುಗಿತು ಅಂದ್ರಿ. ತಿಳೀತು. ಈ ವರ್ಷ ಹೊತ್ತು ಇತ್ತಲ್ರೀ?” ಎಂದಳು.

ಬಿಸಿಲು ಇನ್ನೂ ಅಖಾಡದ ಮೇಲೇ ಇತ್ತು. ಆದರೆ ಅದರ ಸುತ್ತ ಕಟ್ಟಿದ ಹಗ್ಗ ಬಿಚ್ಚಿ, ಜನ ಒಳಗೆ ನುಗ್ಗಿ, ಮಕ್ಕಳು ಕುಣಿಯುತ್ತಿದ್ದರು. ಅಂಥಲ್ಲಿ ಹೋರಿ ಬಿಡುವ ಹಾಗಿರಲಿಲ್ಲ.

ತೊಂಬತ್ತೊಂದರಲ್ಲಿ ಎಂಬತ್ತೆಂಟು ಕಳೆದರೆ ಮೂರು.

ಹುಲಗೇಶ, ಅಕ್ಕಿಆಲೂರು


17 ನವೆಂಬರ್, ಸೋಮವಾರ

ಸವಣೂರಿಗೆ ಹೋದೆ. ಮದಿಹಾ ಯಾದಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಕಾಕಾ, ಆವರಣದಾಗ ನೂರು ಪರ್ಸೆಂಟ್ ಅಂತ ಸೇರಿಸಿದವರು ಯಾರು?”

“ಪೈಥಾನ್ ಪಂಡಿತರು,” ಎಂದ ಬಂದೇಸಾಬ. ಈ ಬಿರುದು ಅವನಿಗೆ ಹೇಗೆ ಗೊತ್ತಾಯಿತೋ. ತಡಸದ ಮೈಕಿನಲ್ಲಿ ನಾನೇ ಹೇಳಿಕೊಂಡೆನಂತೆ.

“ನೀವು ಅದನ್ನ ಒಂದು ಮಾತು ಅಂತ ಕೊಟ್ರಿ. ಈ ಆಜ್ಞಾ ಮಾತು ಓದಂಗಿಲ್ಲರೀ. ಒಂದು, ಸೊನ್ನಿ, ಪರ್ಸೆಂಟ್ ಗುರುತು, ಇವು ಮೂರೂ ಬ್ಯಾರೆ ಬ್ಯಾರೆ ಕಳ್ಳರು ಅಂತ ತಿಳಕೊಂತೈತಿ. ಹಿಂದಿನಿಂದ ಬರಕೋತ, ಮೂರರಾಗ ಯಾವುದು ಸಿಕ್ರೂ ತಗದು ಒಗಿತೈತಿ. ಸರದಾರ ಒಂದು ಒಂದು ಸೊನ್ನಿ, ಹೋತು. ಸರದಾರ ಒಂದು ಸೊನ್ನಿ ಒಂದು, ಅದೂ ಹೋತು. ಎರಡೂ ಬರೇ ಸರದಾರ ಉಳದ್ವು. ಎರಡು ಹೆಸರು ಒಂದ ಅಂದ ಮ್ಯಾಲೆ ಒಂದನ್ನ ಅಳಸಿ ಹಾಕ್ತು.”

ಐನೂರಾ ಐವತ್ತೈದರ ತೂಫಾನ್ ಮಾತ್ರ ಯಾಕೆ ಇಡಿಯಾಗಿ ಉಳಿಯಿತು ಎಂಬುದು ಆಗ ಹೊಳೆಯಿತು.

“ನನ್ನ ಮದುವ್ಯಾಗ ಆದಂಗ ಆತಲ್ಲೋ!” ಎಂದ ಬಂದೇಸಾಬ. “ಇಜಾಜ, ವಸೀಮ ಅಂತ ಇಬ್ಬರು ಇದ್ರು, ಕೂಡಿ ಬಂದ್ರ ಜಗಳಾನ. ನಮ್ಮಪ್ಪ ಬಾಗಲದಾಗ ಖಲಂದರ ಅನ್ನೋ ಹುಡುಗನ್ನ ನಿಲ್ಲಿಸಿ, ‘ಆ ಇಜಾಜ ವಸೀಮ ಜೋಡಿ ಬಂದ್ರ ಬಿಡಬ್ಯಾಡ’ ಅಂದ್ರ, ಅವ ಊರಾಗಿನ ಇಜಾಜಗೋಳನ್ನೆಲ್ಲಾ ಒಬ್ಬೊಬ್ಬರನ್ನ ಹಿಡದು ಹೊರಗ ಕುಂದ್ರಿಸಿದ. ಅದರಾಗ ಒಬ್ಬಾಂವ ನನ್ನ ಮಾವ! ಹೆಣ್ಣು ಕೊಡಾಕ ಬಂದಾಂವ!”

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ಹೊನ್ನವ್ವನ ಹೋರಿಯ ಹಾರ ನೆನಪಾಯಿತು.

ಇಡೀ ಮಾತನ್ನು ಹಾಗೆಯೇ ಹಿಡಿದು ತೆಗೆಯುವ ಆಜ್ಞೆ ಬೇರೆ ಇದೆ. ಬಾಲ ಪೂರ್ತಿ “100%” ಎಂದೇ ಇದ್ದರೆ ಮಾತ್ರ ತೆಗೆಯುತ್ತದೆ, ಇಲ್ಲದಿದ್ದರೆ ಮುಟ್ಟುವುದಿಲ್ಲ. ಅದನ್ನು ಕಲಿತೆ. ಕೇಳಿ ಕಲಿತೆ.

ಸಂಜೆ ಶಂಭುಲಿಂಗನ ಫೋನು. “ತಡಸದಾಗ ಮೂರು ತಪ್ಪಿದ್ದು ಗೊತ್ತಾತು, ಆದ್ರೂ ಹೊತ್ತಿನೊಳಗ ಮುಗಿಸೀದಿ. ಹಾನಗಲ್ ಮೈಕ್ ನಿಂದ. ಆದ್ರ ಶಿಗ್ಗಾವಿ ಅನೌನ್ಸರ್ ಬಾಜೂಕ ಕುಂತಿರ್ತಾನ. ಒಂದ ಒಂದು ಹೋರಿ ತಪ್ಪಿದ್ರೂ ಮೈಕ್ ಅವನ ಕೈಗೆ.”

ಹುಲಗೇಶ


23 ನವೆಂಬರ್, ರವಿವಾರ

ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ರಟ್ಟೀಹಳ್ಳಿ ಕಡೆ ಹೋಗಿ ಹೊನ್ನವ್ವನ ಮನೆ ಹುಡುಕಿದೆ. ಕ್ಷಮೆ ಕೇಳಲು ಬಸ್ಸಿನಲ್ಲೇ ಒಂದು ಭಾಷಣ ತಯಾರು ಮಾಡಿದ್ದೆ, ಚೆನ್ನಾಗಿ ಕೂಡಿತ್ತು. ಬಾಗಿಲಿಗೆ ಹೋಗುತ್ತಲೇ ಅವಳು “ಬರ್ರಿ, ಕುಂದರ್ರಿ” ಎಂದು ಮುಂದೆ ರೊಟ್ಟಿ, ಝುಣಕ ಇಟ್ಟಳು. ಬಾಯಿ ತುಂಬಿದ್ದರಿಂದ ಭಾಷಣ ಆಗಲಿಲ್ಲ.

ಹೋರಿಗೆ ಹನ್ನೊಂದು ವರ್ಷ. ಫಕ್ಕೀರಪ್ಪ ಅದರ ಬೆನ್ನು ತಿಕ್ಕುತ್ತ, “ಇದ ಕಡೀ ವರ್ಷರೀ. ಮುಂದ ಅಖಾಡಕ್ಕ ಬಿಡಂಗಿಲ್ಲ. ಕಾಲು ಬರಂಗಿಲ್ಲ ಅದಕ್ಕ. ಒಮ್ಮೆ ದೊಡ್ಡ ಅಖಾಡದಾಗ ಹೆಸರು ಕೂಗಿಸಿಕೊಂಡು ಓಡ್ಲಿ ಅಂತ ಅಕ್ಕಂದು,” ಎಂದ.

ನೂರಾ ಒಂದು ಯಾಕೆ ಎಂದು ಕೇಳಿದೆ. ದೊಡ್ಡ ಕಾರಣವಿರುತ್ತದೆ, ಹೊಗಳಲು ಬರುತ್ತದೆ ಎಂದುಕೊಂಡಿದ್ದೆ.

ಹೊನ್ನವ್ವ ಬಾಗಿಲ ಚೌಕಟ್ಟಿನ ಮೇಲೆ ಕೈ ತೋರಿಸಿದಳು. ಹಳದಿ ಬಣ್ಣದಲ್ಲಿ 101 ಎಂದು ಬರೆದಿತ್ತು. “ನನ್ನ ಹೆಸರಿಗೆ ಈ ಮನಿ ಆದ ದಿನಾ ಪಂಚಾಯ್ತಿಯವರು ಬಂದು ನಂಬರ್ ಬರದು ಹ್ವಾದ್ರು. ಅವತ್ತ ಇವ ಹುಟ್ಟಿದ. ಅದಕ್ಕೂ ಮೊದಲ ನಾವು ಮೂವತ್ತು ವರ್ಷ ಮಂದಿ ಮನ್ಯಾಗ ಇದ್ವಿ. ನಂಬರ್ ಇರಲಿಲ್ಲ.”

ಅಷ್ಟೇ ಹೇಳಿ ಇನ್ನೊಂದು ರೊಟ್ಟಿ ತರಲು ಎದ್ದಳು. ಎಣಿಸಿದೆ: ನಾಲ್ಕು ಮಾತಿನಲ್ಲಿ ಮುಗಿಸಿದಳು. ನಾನಾಗಿದ್ದರೆ ಮನೆಯ ಹೊಸ್ತಿಲು ದಾಟುವುದಕ್ಕೇ ನಲವತ್ತು ಬೇಕಾಗುತ್ತಿತ್ತು.

ಹುಲಗೇಶ


2 ಡಿಸೆಂಬರ್, ಮಂಗಳವಾರ

ಲೆಕ್ಕ.

ಕಳೆದ ವರ್ಷ ಹತ್ತರಿಂದ ಐದರವರೆಗೆ ನಾನೂರಾ ಇಪ್ಪತ್ತು ನಿಮಿಷ. ಓಡಿದ ಹೋರಿ ನೂರಾ ನಲವತ್ತೊಂಬತ್ತು. ತಲಾ ಎರಡು ನಿಮಿಷ ನಲವತ್ತೊಂಬತ್ತು ಸೆಕೆಂಡು. ಹೋರಿ ಓಡಿ, ಜನರನ್ನು ಸರಿಸಿ, ಮುಂದಿನದನ್ನು ತಂದು ನಿಲ್ಲಿಸಲು ಎರಡು ನಿಮಿಷ ಸಾಕು. ತಡಸದಲ್ಲಿ ಗಡಿಯಾರ ಹಿಡಿದು ನೋಡಿದವಳು ಮದಿಹಾ.

ಉಳಿದ ನಲವತ್ತೊಂಬತ್ತು ಸೆಕೆಂಡು ಬಾಯಿಯದು. ಒಟ್ಟು ಎರಡು ತಾಸು. ಮೂವತ್ತೊಂದು ಹೋರಿ ಹತ್ತಿರಹತ್ತಿರ ಎರಡೆರಡು ಸಲ ಓಡುವಷ್ಟು ಹೊತ್ತು.

ಎರಡನೇ ಸಲ ಲೆಕ್ಕ ಮಾಡಿದೆ. ಅಷ್ಟೇ ಬಂತು.


13 ಡಿಸೆಂಬರ್, ಶನಿವಾರ

ಮುನ್ನೂರಾ ತೊಂಬತ್ತೇಳು ಸಾಲು ಬಂದಿದ್ದವು. ಬಾಲ ಕತ್ತರಿಸಿದ ಮೇಲೆ ನೂರಾ ಅರವತ್ತೆಂಟು. ನನ್ನ ಪುಸ್ತಕದಲ್ಲೂ ನೂರಾ ಅರವತ್ತೆಂಟು. ಮದಿಹಾ ತೆರೆಯ ಮೇಲಿನದನ್ನು ಓದಿದಳು, ನಾನು ಪುಸ್ತಕಕ್ಕೆ ಗುರುತು ಹಾಕಿದೆ. ಸರದಾರ 101 ಮೂವತ್ತೇಳನೆಯದು. ಮೈಲಾರಪ್ಪನ ಸರದಾರ 110 ಎಂಬತ್ತನೆಯದು. ಬೇರೆ ಬೇರೆ ಊರಿನ, ಬೇರೆ ಬೇರೆ ಮನೆಯ ಎರಡು ಜೀವ.

ಸುಧಾರಾಣಿ ಗಂಟಲಿಗೆ ಶುಂಠಿ, ಬೆಲ್ಲ ಕಟ್ಟಿ ಇಟ್ಟಿದ್ದಾಳೆ. “ನಾಳೆ ಏನ ಹೊಸಾದು ಕಟ್ಟೀರಿ?” ಎಂದಳು. ಏನೂ ಇಲ್ಲ ಎಂದೆ. ಹಣೆ ಮುಟ್ಟಿ ನೋಡಿದಳು.


15 ಡಿಸೆಂಬರ್, ಸೋಮವಾರ, ಬೆಳಗ್ಗೆ

ನಿನ್ನೆಯದನ್ನು ಈಗ ಬರೆಯುತ್ತಿದ್ದೇನೆ.

ಹಾನಗಲ್ಲಿನಲ್ಲಿ ಹತ್ತಕ್ಕೆ ಶುರು. ಅಟ್ಟದ ಮೇಲೆ ನನ್ನ ಎಡಕ್ಕೆ ಲ್ಯಾಪ್‌ಟಾಪ್ ಹಿಡಿದು ಮದಿಹಾ, ಬಲಕ್ಕೆ ಶಿಗ್ಗಾವಿಯ ಅನೌನ್ಸರ್. ಅವನು ಹೊಸ ಅಂಗಿ ತೊಟ್ಟು ಬಂದಿದ್ದ, ಪಾಪ. ಗಳಿಗೆಗೊಮ್ಮೆ ನನ್ನ ಮೈಕಿನ ಕಡೆ ನೋಡುತ್ತಿದ್ದ.

ಮೊದಲ ಹತ್ತು ಹೋರಿಗೆ ನಾನು ಹೆಸರು, ಊರು, ಮಾಲೀಕರು ಎಂದು ಹೇಳಿ ಬಿಟ್ಟಾಗ ಜನ ಅಟ್ಟದ ಕಡೆ ತಿರುಗಿ ನೋಡಿದರು. “ಹುಲಗೇಶಣ್ಣಾ, ಉಪಾಸ ಏನೋ?” ಎಂದು ಒಬ್ಬ ಕೂಗಿದ. ಹನ್ನೊಂದನೆಯದಕ್ಕೆ ನಾನು ಬಿಟ್ಟ ಜಾಗದಲ್ಲಿ ಜನವೇ ಸಿಳ್ಳೆ ಹಾಕಿತು. ಆಮೇಲೆ ಅದೇ ರೂಢಿಯಾಯಿತು. ನಾನು ಹೆಸರು ಹೇಳುವುದು, ಉಳಿದದ್ದನ್ನು ಅವರು ನೋಡಿಕೊಳ್ಳುವುದು.

ಮೂವತ್ತೇಳು.

“ಸರದಾರ ನೂರಾ ಒಂದು. ರಟ್ಟೀಹಳ್ಳಿ ಕಡೆಯ ಹೊನ್ನವ್ವಂದು.”

ಹಗ್ಗ ಬಿಚ್ಚಿದರು. ಹೋರಿ ಓಡಲಿಲ್ಲ. ನಡೆದುಬಂತು, ಆಫೀಸು ತಪಾಸಣೆಗೆ ಬಂದ ಸಾಹೇಬರ ಹಾಗೆ, ಆಚೀಚೆ ನೋಡುತ್ತ. ಓಡುವ ಹೋರಿಗೆ ಮೈ ಬಗ್ಗಿಸಿ ನಿಂತಿದ್ದ ಪಡ್ಡೆಗಳಿಗೆ ನಡೆಯುವ ಹೋರಿಯನ್ನು ಏನು ಮಾಡಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಅರ್ಧ ದಾರಿಗೆ ಬಂದು ಕತ್ತೆತ್ತಿತು. ಆಮೇಲೆ ಹೋಯಿತು ನೋಡಿ! ಕೊರಳಲ್ಲಿ ಕೊಬ್ಬರಿ ಕಟಕಟ ಸದ್ದು, ಹಿಂದೆ ಮಣ್ಣು, ಇಬ್ಬರು ಹಾರಿದರು, ಇಬ್ಬರಿಗೂ ಗಾಳಿ ಸಿಕ್ಕಿತು. ಒಂದು ಬಟ್ಟಲು ಕೊಬ್ಬರಿಯೂ ಹರಿಯದೆ ಗೆರೆ ದಾಟಿತು.

ನಾನು ಬಾಯಿ ತೆರೆದೆ. ಮೈಕು ಬಾಯಿಯ ಮುಂದೆಯೇ ಇತ್ತು. ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಬಂದೇಸಾಬ ಅಟ್ಟದ ಕೆಳಗಿನಿಂದ ಓಡಿಬಂದ, ಕೈಯಲ್ಲಿ ಇಕ್ಕಳ. “ಏನಾತೋ? ವೈರ್ ಕಡಿತೇನು?”

“ಇಲ್ಲೋ,” ಎಂದೆ. “ವೈರ್ ಸರಿ ಐತಿ.”

ಅವನು ನನ್ನ ಮುಖ ನೋಡಿ ಇಕ್ಕಳ ಜೇಬಿಗಿಳಿಸಿದ.

ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ನೂರಾ ಅರವತ್ತೆಂಟನೆಯದು ದಾಟಿತು. ಮದಿಹಾ ತೆರೆ ನನ್ನ ಕಡೆ ತಿರುಗಿಸಿದಳು. ಎಲ್ಲ ಸಾಲಿಗೂ ಗುರುತು ಬಿದ್ದಿತ್ತು. ಶಿಗ್ಗಾವಿಯ ಅನೌನ್ಸರ್ ಎದ್ದು ಕೈ ಕುಲುಕಿದ. “ಬಾಲಾ ಕತ್ತರಿಸೂದು ನನಗೂ ಹೇಳಿಕೊಡ್ರಿ ಅಣ್ಣಾರ. ನನ್ನ ಯಾದಿನೂ ಹಂಗ ಐತಿ,” ಎಂದ. ನೂರು ಪರ್ಸೆಂಟ್ ವಿಷಯದಲ್ಲಿ ಹುಷಾರು ಎಂದಷ್ಟೇ ಈಗಿನ ಮಟ್ಟಿಗೆ ಹೇಳಿದೆ.

ಶಂಭುಲಿಂಗ ಅಟ್ಟ ಹತ್ತಿ ಬಂದ. “ಮುಂದಿನ ತಿಂಗಳ ಹಿರೇಕೆರೂರಿಗೂ ನೀನ ಹುಲಗೇಶ,” ಎಂದ. ಗಡಿಯಾರ ನೋಡಿ, “ಇನ್ನೂ ಇಪ್ಪತ್ತು ನಿಮಿಷ ಐತಿ. ಮಾತಾಡು, ಬೇಕಾದಷ್ಟು ಮಾತಾಡು. ಇವತ್ತ ಯಾರೂ ತಡಿಯಂಗಿಲ್ಲ.”

ಇಪ್ಪತ್ತು ನಿಮಿಷ! ಹತ್ತು ಸಾವಿರ ಜನ! ಕೆಳಗೆ ನೋಡಿದೆ. ಹೊನ್ನವ್ವ ಹೋರಿಗೆ ಬಕೆಟ್ಟಿನಲ್ಲಿ ನೀರು ಕುಡಿಸುತ್ತ ನಿಂತಿದ್ದಳು. ಇಳಿದುಹೋಗಿ ಮೈಕು ಅವಳ ಕೈಗಿಟ್ಟೆ.

ಅವಳು ಅದನ್ನು ಲಟ್ಟಣಿಗೆ ಹಿಡಿದ ಹಾಗೆ ಹಿಡಿದಳು. “ಯಪ್ಪಾ,” ಎಂದಳು. ತನ್ನ ದನಿ ಇಡೀ ಹಾನಗಲ್ ಮೇಲೆ ಹೋದದ್ದನ್ನು ಕೇಳಿ ಒಮ್ಮೆ ತಲೆಯ ಸೆರಗು ಸರಿಮಾಡಿಕೊಂಡಳು. “ನೂರಾ ಒಂದು ಅಂತ ಇವರು ಕೂಗಿದ್ರಲ್ಲ, ಅದು ನಮ್ಮ ಮನಿ ನಂಬರ್ರಿ. ರಟ್ಟೀಹಳ್ಳಿ ಕಡೆ ಬಂದ್ರ ಎಲ್ಲಾರೂ ಮನಿಗೆ ಬರ್ರಿ. ರೊಟ್ಟಿ ತಿಂದು ಹೋಗೀರಂತ.”

ಹತ್ತು ಸಾವಿರ ಜನ ಒಟ್ಟಿಗೆ “ಬರ್ತೇವಿ!” ಎಂದರು.

“ಅಕ್ಕಾ,” ಎಂದ ಫಕ್ಕೀರಪ್ಪ. ಮೈಕು ಇನ್ನೂ ಚಾಲೂ ಇತ್ತು. “ಹಿಟ್ಟು ಎಲ್ಲೈತಿ?”

ಆ ನಗು ಎಷ್ಟು ಹೊತ್ತು ನಡೆಯಿತೋ ನಾನು ಎಣಿಸಲಿಲ್ಲ.

ಮನೆಗೆ ಬಂದಾಗ ಸುಧಾರಾಣಿ ಅಂಗಳದ ಕಟ್ಟೆಯ ಮೇಲೆ ಮೆಂತ್ಯೆ ಸೋಸುತ್ತಿದ್ದಳು. ಪಕ್ಕದಲ್ಲಿ ಕುಳಿತು, ನಾನೂ ಒಂದು ಸಿವುಡು ತೆಗೆದುಕೊಂಡು ಸೋಸುತ್ತ, ಹೊನ್ನವ್ವನ ಹೋರಿ ನಡೆದುಬಂದದ್ದು, ಆಮೇಲೆ ಓಡಿದ್ದು, ಫಕ್ಕೀರಪ್ಪ ಹಿಟ್ಟು ಕೇಳಿದ್ದು ಹೇಳಿದೆ. ಅವಳು ಸೊಪ್ಪು ಬಿಟ್ಟು ನನ್ನ ಮುಖ ನೋಡುತ್ತಿದ್ದಳು.

ನಾನು ನಿಲ್ಲಿಸಿದೆ.

“ಆಮ್ಯಾಲೆ?” ಎಂದಳು.

“ಅಷ್ಟ,” ಎಂದೆ.